ಬುತ್ತಿ ಕಟ್ಟೋಣ ಬನ್ನಿ

ಹೊಲಕ್ಕೆ ಹೊರಟರೆ ಬುತ್ತಿ. ಜಾತ್ರೆಗೆ ಹೊರಟರೆ ಬುತ್ತಿ. ತವರಿಗೆ ಹೊರಟರೂ ಬುತ್ತಿ. ಬುತ್ತಿ ಕಟ್ಟೋದನ್ನು ನಮಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಅವ್ವ ಕಟ್ಟೋದನ್ನು ನೋಡಿ ನೋಡಿಯೇ ಕಲಿತವರು ನಾವು.

ಆದರೆ ಈಗ ನಮ್ಮ ತಿರುಗಾಟ ಹೆಚ್ಚಾಗಿದೆ. 2023ರ ಜೂನ್ 11ರಂದು ನಮ್ಮ ರಾಜ್ಯದಲ್ಲಿ ಶಕ್ತಿ ಯೋಜನೆ ಶುರುವಾಯಿತು. ಸಾದಾ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡು ಇಲ್ಲ ಎಂದಾಯಿತು. ಹೊಲ, ಮನೆ ಬಿಟ್ಟು ಎಲ್ಲೂ ಹೋಗದವರು ಕೂಡ ಗುಡಿ, ಗುಡ್ಡ, ಗುಹೆ ನೋಡಲು ಹೊರಟರು. ಬಸ್ಸಿನ ದುಡ್ಡು ಉಳೀತು. ಹೊಟ್ಟೆಯ ದುಡ್ಡು? ನಾಲ್ಕು ಜನ ಹೋಟೆಲಿಗೆ ಹೋಗಿ ಕೂತರೆ ಒಂದು ದಿನದ ಕೂಲಿ ಅಲ್ಲೇ ಮುಗೀತದೆ. ಅದಕ್ಕೇ ಬುತ್ತಿ ಬೇಕು.

ಬುತ್ತಿ ಕಟ್ಟಿಕೊಂಡು ಹೋದರೂ ಒಂದು ತೊಂದರೆ ಇದೆ. ಮುಂಜಾನೆ ಘಮಘಮ ಅಂತಿದ್ದ ಪಲ್ಯ ಮಧ್ಯಾಹ್ನ ಬಿಚ್ಚಿದಾಗ ನೊರೆ ಬಂದಿರ್ತದೆ. ರೊಟ್ಟಿ ಒದ್ದೆಯಾಗಿ ಮುದ್ದೆ ಆಗಿರ್ತದೆ. “ಯವ್ವಾ, ಪಲ್ಯ ಹಳಸೇತಿ!” ಅಂತ ಮಗಳು ಮೂಗು ಮುಚ್ಚಿಕೊಳ್ತಾಳೆ. “ಚೆಲ್ಲೋದು ಯಾಕೆ, ಪಾಪ” ಅಂತ ಅದನ್ನು ತಾಯಿ ತಿಂತಾಳೆ. ಸಂಜೆ ಬಸ್ಸಿನಲ್ಲಿ ಅವಳಿಗೇ ವಾಂತಿ, ಭೇದಿ.

ಹೀಗೆ ಆಗಬಾರದು. ರುಚಿಯೂ ಇರಬೇಕು, ಕೆಡಲೂಬಾರದು. ಅಂಥ ಬುತ್ತಿ ಹೇಗೆ? ನೋಡೋಣ.

ಮೊದಲು ಗಂಟೆ ಎಣಿಸಿ

ಬಾದಾಮಿಗೆ ಹೊರಟಿದ್ದೀರಿ ಎಂದುಕೊಳ್ಳಿ. ಮುಂಜಾನೆ 5 ಗಂಟೆಗೆ ಅಡುಗೆ ಮುಗೀತು. 6 ಗಂಟೆಗೆ ಬಸ್ಸು. ಬಾದಾಮಿಯಲ್ಲಿ ಗುಹೆಗಳು ನಾಲ್ಕು. ಬಂಡೆಯನ್ನೇ ಕೊರೆದು ಮಾಡಿದ ಗುಡಿಗಳು ಅವು. ಮೂರನೇ ಗುಹೆಯಲ್ಲಿ ಅದನ್ನು ಕೊರೆಸಿದ ಕಾಲದ ಬರಹ ಇದೆ. ಅದು ಕ್ರಿ.ಶ. 578ನೇ ಇಸವಿಯದು. ಮೆಟ್ಟಿಲು ಹತ್ತಿ, ಎಲ್ಲ ನೋಡಿ, ಇಳಿದು, ಕೆರೆಯ ಕಡೆ ನೆರಳು ಹುಡುಕಿ ಕೂರೋ ಹೊತ್ತಿಗೆ ಮಧ್ಯಾಹ್ನ 1 ಗಂಟೆ.

ಐದರಿಂದ ಒಂದು. ಬೆರಳು ಮಡಚಿ ಎಣಿಸಿ. ಎಂಟು ಗಂಟೆ ಆಯಿತು. ಒಲೆಯಿಂದ ಬಾಯಿಗೆ ಎಂಟು ಗಂಟೆ!

ಬೇಯಿಸಿದ ಹಸಿ ಅಡುಗೆಯನ್ನು ಎರಡು ಗಂಟೆಗಿಂತ ಹೆಚ್ಚು ಹೊರಗೆ ಇಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಸಿ ಅಡುಗೆ ಎಂದರೆ ನೀರಿನ ಪಸೆ ಇರುವ ಅಡುಗೆ. ಪಲ್ಯ, ಸಾರು, ಅನ್ನ, ಕಾಯಿ ಚಟ್ನಿ ಎಲ್ಲ ಅದರಲ್ಲೇ ಬಂತು. ನಮ್ಮದು ಎಂಟು ಗಂಟೆ. ಹಾಗಾದರೆ ಬುತ್ತಿಯಲ್ಲಿ ಏನಿಡಬೇಕು ಅನ್ನೋದನ್ನು ನಮ್ಮ ಬಾಯಿ ಚಪಲ ಒಂದೇ ಹೇಳಿದರೆ ಸಾಲದು. ಗಡಿಯಾರವೂ ಹೇಳಬೇಕು.

ಅಡುಗೆ ಕೆಡೋದು ಯಾಕೆ?

ಗಾಳಿಯಲ್ಲಿ, ಕೈಯಲ್ಲಿ, ಪಾತ್ರೆಯಲ್ಲಿ ಕಣ್ಣಿಗೆ ಕಾಣದ ಸಣ್ಣ ಜೀವಿಗಳು ಇರ್ತವೆ. ಅವು ಅಡುಗೆಗೆ ಸೇರಿ, ತಿಂದು, ಬೆಳೀತವೆ. ಒಂದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ಅವಕ್ಕೆ ಬೆಚ್ಚಗಿನ ಜಾಗ ಬೇಕು. ನೀರು ಬೇಕು. ಕುದಿಯೋ ಬಿಸಿ ಅವಕ್ಕೆ ಆಗದು. ಬಹಳ ತಂಪಾದರೂ ಅವು ಸುಮ್ಮನೆ ಇರ್ತವೆ. ಉಗುರು ಬೆಚ್ಚಗಿನ ಬುತ್ತಿ ಡಬ್ಬಿ ಮಾತ್ರ ಅವಕ್ಕೆ ಹೇಳಿ ಮಾಡಿಸಿದ ಮನೆ.

ಬಸ್ಸಿನ ಸೆಕೆಯನ್ನು ನಾವು ತಡೆಯಲಾರೆವು. ನೀರನ್ನು ತಡೆಯಬಹುದು. ಖಡಕ್ ರೊಟ್ಟಿ ತಿಂಗಳು ಇಟ್ಟರೂ ಯಾಕೆ ಕೆಡೋದಿಲ್ಲ? ಅದರಲ್ಲಿ ನೀರು ಇಲ್ಲ. ಶೇಂಗಾ ಚಟ್ನಿ ಪುಡಿ ಯಾಕೆ ಕೆಡೋದಿಲ್ಲ? ಹುರಿದಾಗಲೇ ಪಸೆ ಹೋಗಿರ್ತದೆ. ಉಪ್ಪಿನಕಾಯಿಗೆ ಉಪ್ಪು, ಹುಳಿ, ಎಣ್ಣೆ ಮೂರೂ ಕಾವಲು. ಹಸಿ ಕೊಬ್ಬರಿ ರುಬ್ಬಿದ ಚಟ್ನಿಗೆ ಯಾವ ಕಾವಲೂ ಇಲ್ಲ. ಅದಕ್ಕೇ ಅದು ಎಲ್ಲಕ್ಕಿಂತ ಮೊದಲು ಹಳಸುತ್ತದೆ.

ಹೋಳಿಗೆಯನ್ನೇ ನೋಡಿ. ಬೇಳೆ ಹೋಳಿಗೆಯ ಹೂರಣ ಬೇಯಿಸಿದ್ದು. ಮರುದಿನಕ್ಕೆ ಅದರ ವಾಸನೆ ಬದಲಾಗುತ್ತದೆ. ಶೇಂಗಾ ಹೋಳಿಗೆಯ ಹೂರಣ ಹುರಿದದ್ದು, ಜತೆಗೆ ಬೆಲ್ಲ. ಅದು ಎಂಟು ದಿನ ಇದ್ದರೂ ಚೆನ್ನಾಗಿಯೇ ಇರುತ್ತದೆ. ಎರಡೂ ಹೋಳಿಗೆಯೇ. ಒಳಗೆ ನೀರು ಇದೆಯೋ ಇಲ್ಲವೋ, ಅಷ್ಟೇ ವ್ಯತ್ಯಾಸ.

ಅನ್ನದ ಬಗ್ಗೆ ಒಂದು ಮಾತು ಬಿಡಿಸಿ ಹೇಳಬೇಕು. ರಾತ್ರಿ ಹೊರಗೆ ಉಳಿದ ಅನ್ನಕ್ಕೆ ಮುಂಜಾನೆ ಒಗ್ಗರಣೆ ಹಾಕಿ ಚಿತ್ರಾನ್ನ ಮಾಡಿ ಬುತ್ತಿ ಕಟ್ಟೋ ರೂಢಿ ನಮ್ಮಲ್ಲಿ ಬಹಳ. ಬಿಸಿ ಮಾಡಿದೆವಲ್ಲ, ಇನ್ನೇನು ಅಂತೀವಿ. ಆದರೆ ಅನ್ನದಲ್ಲಿ ಬೆಳೆಯೋ ಒಂದು ಜೀವಿ ವಿಷ ಬಿಡುತ್ತದೆ. ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗೋದಿಲ್ಲ. ಅನ್ನವೇ ಬೇಕು ಅಂದರೆ ಮುಂಜಾನೆ ಹೊಸದಾಗಿ ಮಾಡಿ, ಹರಡಿ ಆರಿಸಿ, ಹುಣಸೆ ಹುಳಿ, ಎಣ್ಣೆ ಹಾಕಿದ ಪುಳಿಯೋಗರೆ ಕಲಸಿ. ಅದನ್ನೂ ಎಷ್ಟು ಬೇಗ ಉಂಡರೆ ಅಷ್ಟು ಒಳ್ಳೇದು.

ಎರಡರ ನಡುವೆ ಒಂದು

ಪೇಟೆಯಲ್ಲಿ ಸ್ಯಾಂಡ್‌ವಿಚ್ ಅಂತ ಮಾರ್ತಾರೆ. ಎರಡು ಬ್ರೆಡ್ಡು, ನಡುವೆ ತರಕಾರಿ. ಸ್ಯಾಂಡ್‌ವಿಚ್ ಅನ್ನೋದು ನಿಜವಾಗಿ ಇಂಗ್ಲೆಂಡಿನ ಒಂದು ಊರಿನ ಹೆಸರು. ಸುಮಾರು 250 ವರ್ಷದ ಹಿಂದೆ ಅಲ್ಲಿ ಆ ಊರಿನ ಹೆಸರಿನ ಪದವಿ ಇದ್ದ ಒಬ್ಬ ದೊಡ್ಡ ಮನುಷ್ಯ ಇದ್ದ. ಇಸ್ಪೀಟು ಆಟ ಬಿಟ್ಟು ಊಟಕ್ಕೆ ಏಳಲು ಅವನಿಗೆ ಮನಸ್ಸಿರಲಿಲ್ಲವಂತೆ. ಬ್ರೆಡ್ಡಿನ ನಡುವೆ ಮಾಂಸ ಇಟ್ಟು ತಂದುಕೊಡಿ ಅಂದನಂತೆ. ಹಾಗೆ ಅವನ ಹೆಸರು ತಿಂಡಿಗೆ ಬಂತು ಎಂದು ಕಥೆ ಹೇಳ್ತಾರೆ. 1762ರ ಹೊತ್ತಿಗೆ ಈ ಹೆಸರು ಬರಹದಲ್ಲಿ ಬಂದಾಗಿತ್ತು.

ಕಳೆ ತೆಗೆಯೋ ಹೆಂಗಸು ಬದುವಿನ ಮೇಲೆ ಕೂತು, ರೊಟ್ಟಿಯ ನಡುವೆ ಚಟ್ನಿ ಇಟ್ಟು ಮಡಚಿ ತಿಂದಿದ್ದಾಳೆ. ಎಷ್ಟು ನೂರು ವರ್ಷದಿಂದಲೋ! ಅವಳ ಹೆಸರನ್ನು ಯಾವ ತಿಂಡಿಗೂ ಇಟ್ಟಿಲ್ಲ.

ಇರಲಿ. ಎರಡರ ನಡುವೆ ಒಂದು ಇಡೋದು ಪ್ರಯಾಣಕ್ಕೆ ಬಹಳ ಒಳ್ಳೆಯ ಉಪಾಯ. ತಟ್ಟೆ ಬೇಡ, ಚಮಚ ಬೇಡ. ಬಂಡೆಯ ಮೇಲೆ ಕೂತೂ ತಿನ್ನಬಹುದು. ರೊಟ್ಟಿ, ಚಪಾತಿ, ಬ್ರೆಡ್ಡು ಯಾವುದಾದರೂ ಸರಿ. ನಡುವೆ ಏನಿಡಬೇಕು, ಯಾವಾಗ ಇಡಬೇಕು, ಇದೇ ಮುಖ್ಯ.

ಯಾವಾಗ ಅನ್ನೋದನ್ನು ಬನಶಂಕರಿಯಲ್ಲಿ ನೋಡಿ ಕಲಿಯಬಹುದು. ಬಾದಾಮಿಯಿಂದ ಬನಶಂಕರಿ ಗುಡಿ ಸುಮಾರು 5 ಕಿಲೋಮೀಟರು. ಅಲ್ಲಿ ಹೆಂಗಸರು ಬುಟ್ಟಿಯಲ್ಲಿ ಊಟ ಹೊತ್ತು ತಂದು ಮಾರ್ತಾರೆ. ಬುಟ್ಟಿಯಲ್ಲಿ ರೊಟ್ಟಿ ಬೇರೆ. ಶೇಂಗಾ ಚಟ್ನಿ ಬೇರೆ. ಕೆಂಪು ಖಾರ ಬೇರೆ. ಕಾಳಿನ ಪಲ್ಯ ಬೇರೆ. ಮೊಸರು ಸಣ್ಣ ಗಡಿಗೆಯಲ್ಲಿ ಬೇರೆ. ನೀವು ಬಂದು ಕೂತ ಮೇಲೆಯೇ ರೊಟ್ಟಿಯ ಮೇಲೆ ಒಂದೊಂದಾಗಿ ಬೀಳ್ತದೆ. ಮೊದಲೇ ಕೂಡಿಸಿ ಇಟ್ಟರೆ ರೊಟ್ಟಿ ಮೆತ್ತಗಾಗಿ, ಮಾರಾಟ ಆಗೋದಿಲ್ಲ ಅನ್ನೋದು ಅವರಿಗೆ ಗೊತ್ತು.

ನಾವೂ ಹಾಗೇ ಮಾಡಬೇಕು. ಒಣಗಿದ್ದು ಬೇರೆ, ಹಸಿದು ಬೇರೆ ಕಟ್ಟಬೇಕು. ಉಣ್ಣೋ ಜಾಗದಲ್ಲಿ ಕೂಡಿಸಬೇಕು.

ಝುಣಕದ ವಡಿ ಇಟ್ಟ ರೊಟ್ಟಿ

ನಡುವೆ ಇಡೋದಕ್ಕೆ ನಮಗೆ ಎಲ್ಲಕ್ಕಿಂತ ಇಷ್ಟ ಆದದ್ದು ಝುಣಕದ ವಡಿ. ಸಾದಾ ಝುಣಕ ಸಡಿಲ ಇರುತ್ತದೆ, ಸೋರುತ್ತದೆ. ವಡಿ ಗಟ್ಟಿ. ರೊಟ್ಟಿಯ ನಡುವೆ ಚೌಕಾಗಿ ಕೂರುತ್ತದೆ. ಕಡಲೆ ಹಿಟ್ಟು ಮೈಗೆ ಶಕ್ತಿಯೂ ಹೌದು.

ಒಂದು ವಾಟಿ ಕಡಲೆ ಹಿಟ್ಟಿಗೆ ಒಂದೂವರೆ ವಾಟಿ ನೀರು. ಮೊದಲು ಅರ್ಧ ವಾಟಿ ನೀರಿನಲ್ಲಿ ಹಿಟ್ಟನ್ನು ಗಂಟಿಲ್ಲದೆ ಕಲಸಿ ಇಟ್ಟುಕೊಳ್ಳಿ. ಬಾಣಲೆಯಲ್ಲಿ ಎರಡು ಚಮಚ ಎಣ್ಣೆ ಕಾಯಿಸಿ. ಸಾಸಿವೆ, ಜೀರಿಗೆ, ಜಜ್ಜಿದ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಅರಿಶಿನ ಹಾಕಿ. ಉಳಿದ ಒಂದು ವಾಟಿ ನೀರು, ಉಪ್ಪು ಹಾಕಿ ಕುದಿಸಿ. ಕುದಿಯೋ ನೀರಿಗೆ ಕಲಸಿದ ಹಿಟ್ಟು ಸುರಿಯುತ್ತಾ ಸೌಟಿನಿಂದ ತಿರುವುತ್ತಾ ಇರಿ. ಕೈ ಬಿಡಬೇಡಿ, ಬಿಟ್ಟರೆ ಗಂಟು ಆಗುತ್ತದೆ. ಉರಿ ಸಣ್ಣ ಮಾಡಿ, ಮುಚ್ಚಿ, ಹಸಿ ವಾಸನೆ ಹೋಗೋ ತನಕ ಬೇಯಿಸಿ. ಮುದ್ದೆಯಾಗಿ ಬಾಣಲೆ ಬಿಟ್ಟು ಬಂದರೆ ಸರಿ. ಎಣ್ಣೆ ಸವರಿದ ತಾಟಿನಲ್ಲಿ ಹರಡಿ ತಟ್ಟಿ. ಮೇಲೆ ಹುರಿದ ಎಳ್ಳು ಉದುರಿಸಿ. ಪೂರ್ತಿ ಆರಿದ ಮೇಲೆ ಚಾಕುವಿನಿಂದ ಕತ್ತರಿಸಿ.

ಮನೆಯಲ್ಲಾದರೆ ಮೇಲೆ ಹಸಿ ಕೊಬ್ಬರಿ, ಕೊತ್ತಂಬರಿ ಹಾಕ್ತೀವಿ. ಪ್ರಯಾಣಕ್ಕೆ ಅವೆರಡೂ ಬೇಡ. ವಡಿಯೂ ಬೇಯಿಸಿದ್ದೇ. ಮುಂಜಾನೆಯ ಹೊತ್ತಿಗೆ, ಇಲ್ಲವೇ ದಾರಿ ಸಣ್ಣದಿದ್ದಾಗ ಅದು ಸರಿ. ಎಂಟು ಗಂಟೆಯ ದಾರಿಯಲ್ಲಿ ಬಸ್ಸು ಹತ್ತಿ ಕೂತ ಮೇಲೆ ಮೊದಲು ವಡಿ ಮುಗಿಸಿಬಿಡಿ. ಮಧ್ಯಾಹ್ನಕ್ಕೆ ಒಣ ಬುತ್ತಿ ಬಿಚ್ಚಿ.

ಮಧ್ಯಾಹ್ನದ ರೊಟ್ಟಿ

ಶೇಂಗಾ ಹುರಿದು, ಸಿಪ್ಪೆ ಕೇರಿ, ಬೆಳ್ಳುಳ್ಳಿ, ಖಾರ, ಜೀರಿಗೆ, ಉಪ್ಪು ಹಾಕಿ ಎಣ್ಣೆ ಬಿಡೋ ತನಕ ಕುಟ್ಟಿ. ಬೂಷ್ಟು ಹಿಡಿದ, ಮುರುಟಿದ ಕಾಳು ಇದ್ದರೆ ಆರಿಸಿ ಎಸೆಯಿರಿ. ಅದು ಕೆಟ್ಟ ವಿಷ. ಹುರಿದರೂ ಹೋಗೋದಿಲ್ಲ. ಅಗಸಿ ಚಟ್ನಿ, ಗುರೆಳ್ಳು ಚಟ್ನಿಯೂ ಹೀಗೇ ಒಣ ಪುಡಿ. ಮೈಸೂರು ಕಡೆ ಗುರೆಳ್ಳಿಗೆ ಹುಚ್ಚೆಳ್ಳು ಅಂತಾರೆ.

ಜತೆಗೆ ಇಡೀ ಸೌತೆಕಾಯಿ, ಇಡೀ ಉಳ್ಳಾಗಡ್ಡಿ, ಗಜ್ಜರಿ, ನಿಂಬೆಹಣ್ಣು ಇಟ್ಟುಕೊಳ್ಳಿ. ಮನೆಯಲ್ಲೇ ತೊಳೆದು ಒರೆಸಿ ಇಡಿ, ಕತ್ತರಿಸಬೇಡಿ. ಸಿಪ್ಪೆ ಇದ್ದಷ್ಟು ಹೊತ್ತು ಅದೇ ಅದರ ಡಬ್ಬಿ. ಒಂದು ಸಣ್ಣ ಚಾಕು, ಒಂದು ಸಣ್ಣ ಶೀಸೆಯಲ್ಲಿ ಎಣ್ಣೆ ಇರಲಿ.

ಬಂಡೆಯ ನೆರಳಲ್ಲಿ ಕೂತಿರಿ. ಕೈ ಸೋಪಿನಲ್ಲಿ ತೊಳೆದಿರಿ. ರೊಟ್ಟಿಯ ಮೇಲೆ ಚಟ್ನಿ ಪುಡಿ. ಅದರ ಮೇಲೆ ನಾಲ್ಕು ಹನಿ ಎಣ್ಣೆ. ಸೌತೆಕಾಯಿ ಹೋಳು, ಉಳ್ಳಾಗಡ್ಡಿ. ಮೇಲೆ ನಿಂಬೆರಸ. ಮಡಚಿ ಕಚ್ಚಿ. ಒಣ ಖಾರ, ತಂಪು ಸೌತೆಕಾಯಿ, ಹುಳಿ, ಎಲ್ಲ ಒಂದೇ ತುತ್ತಿನಲ್ಲಿ! ಹೋಟೆಲಿನ ತಿಂಡಿಗೆ ಈ ರುಚಿ ಬರೋದಿಲ್ಲ ಅನ್ನೋದು ನಮ್ಮ ಮಾತು.

ಮಡಚೋದಕ್ಕೆ ಅಂದಿನ ಮೆತ್ತನೆ ರೊಟ್ಟಿಯೇ ಬೇಕು. ಜೋಳದ ಹಿಟ್ಟನ್ನು ಕುದಿಯೋ ನೀರಿನಲ್ಲಿ ನಾದಿದರೆ ರೊಟ್ಟಿ ಸೀಳೋದಿಲ್ಲ. ಖಡಕ್ ರೊಟ್ಟಿ ಮಡಚಿದರೆ ಮುರಿಯುತ್ತದೆ. ಅದನ್ನು ಮುರಿದು, ಒಂದು ಚೂರಿನ ಮೇಲೆ ಚಟ್ನಿ ಹಾಕಿ, ಇನ್ನೊಂದು ಚೂರು ಮುಚ್ಚಿ ತಿನ್ನಬಹುದು. ಮಕ್ಕಳಿಗೆ ಅದೇ ಆಟ.

ಮಕ್ಕಳಿಗೆ ಖಾರ ಬೇಡ ಅಂದರೆ ಚಪಾತಿಗೆ ತುಪ್ಪ ಸವರಿ, ಪುಡಿ ಬೆಲ್ಲ, ಹುರಿದ ಎಳ್ಳು ಉದುರಿಸಿ ಸುರುಳಿ ಸುತ್ತಿ ಕೊಡಿ. ಇದನ್ನು ಮನೆಯಲ್ಲೇ ಸುತ್ತಿ ಒಯ್ದರೂ ಕೆಡದು. ಅಲ್ಲಿ ಹೋದ ಮೇಲೆ ಬಾಳೆಹಣ್ಣು ಸುಲಿದು ನಡುವೆ ಇಟ್ಟರಂತೂ ಎರಡು ಸುರುಳಿಗೆ ಹೊಟ್ಟೆ ತುಂಬುತ್ತದೆ. ಮೊಟ್ಟೆ ತಿನ್ನುವವರು ಗಟ್ಟಿಯಾಗಿ ಬೇಯಿಸಿ, ಸಿಪ್ಪೆ ಸಮೇತ ಒಯ್ಯಿರಿ. ಅದನ್ನೂ ವಡಿಯ ಹಾಗೆ ದಾರಿಯಲ್ಲಿ ಮೊದಲೇ ತಿಂದುಬಿಡಿ.

ಬ್ರೆಡ್ಡು ಕೊಂಡರೆ

ಈಗ ಸಣ್ಣ ಊರಿನ ಅಂಗಡಿಯಲ್ಲೂ ಬ್ರೆಡ್ಡು ಸಿಗುತ್ತದೆ. ಅವಸರದಲ್ಲಿ ಅದೂ ಒಳ್ಳೇದೇ. ಆದರೆ ಕೊಳ್ಳೋ ಮೊದಲು ಓದಿ!

ಕವರಿನ ಮೇಲೆ ತಯಾರಿಸಿದ ದಿನ ಇರುತ್ತದೆ. ಬಳಸಬೇಕಾದ ಕೊನೆಯ ದಿನವೂ ಇರಬೇಕು. ಇದು ಕಾನೂನು. ಬರಹ ಇಂಗ್ಲಿಷಿನಲ್ಲಿ ಇದ್ದರೆ ಹೆದರಬೇಡಿ. ಅಂಕಿ ನಮಗೆ ಬರುತ್ತದಲ್ಲ. 14/01/2025 ಎಂದು ಇದ್ದರೆ ಮೊದಲಿನ 14 ಅನ್ನೋದು ತಾರೀಖು. ನಡುವಿನ 01 ಅನ್ನೋದು ತಿಂಗಳು, ಜನವರಿ. ಕಡೆಯದು ಇಸವಿ. ಎರಡು ತಾರೀಖು ಇದ್ದರೆ ಹಿಂದಿನದು ತಯಾರಿಸಿದ ದಿನ, ಮುಂದಿನದು ಕೊನೆಯ ದಿನ. ಕೆಲವರು ತಿಂಗಳನ್ನು ಮೂರು ಇಂಗ್ಲಿಷ್ ಅಕ್ಷರದಲ್ಲಿ ಬರೆದಿರ್ತಾರೆ. ಅದನ್ನು ಶಾಲೆಗೆ ಹೋಗೋ ಮಗುವನ್ನು ಕೇಳಿ ಕಲಿಯಿರಿ. ಇರೋದೇ ಹನ್ನೆರಡು.

ಕೊನೆಯ ದಿನ ದಾಟಿದ್ದರೆ ಬೇಡ ಎನ್ನಿ. “ಏನೂ ಆಗಲ್ಲ ತಗೊಳ್ಳಮ್ಮ” ಎಂದು ಅಂಗಡಿಯವನು ಅಂದರೆ ತಾರೀಖಿನ ಮೇಲೆ ಬೆರಳಿಟ್ಟು ತೋರಿಸಿ. ಬ್ರೆಡ್ಡಿನ ಒಂದು ಮೂಲೆಯಲ್ಲಿ ಹಸಿರು ಬೂಷ್ಟು ಕಂಡರೂ ಪೂರ್ತಿ ಎಸೆಯಬೇಕು. ಮೂಲೆ ಕಿತ್ತು ಉಳಿದದ್ದು ತಿನ್ನಬಾರದು. ಬೂಷ್ಟಿನ ಎಳೆಗಳು ಕಣ್ಣಿಗೆ ಕಾಣದ ಹಾಗೆ ಒಳಗೆಲ್ಲ ಹೋಗಿರ್ತವೆ.

ಬ್ರೆಡ್ಡು ರೊಟ್ಟಿಗಿಂತ ಬೇಗ ನೀರು ಹೀರುತ್ತದೆ. ಅದಕ್ಕೆ ಮೊದಲು ಎರಡೂ ಹೋಳಿನ ಒಳಮೈಗೆ ತೆಳ್ಳಗೆ ತುಪ್ಪ ಸವರಿ. ಜಿಡ್ಡು ಇದ್ದಲ್ಲಿ ನೀರು ಇಳಿಯೋದಿಲ್ಲ. ಕಾಯಿ ಚಟ್ನಿ ಬದಲು ಪುಟಾಣಿ ಪುಡಿ ಇಟ್ಟುಕೊಳ್ಳಿ. ಪುಟಾಣಿ, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ಕುಟ್ಟಿದರೆ ಆಯಿತು. ಅಲ್ಲಿ ಹೋಗಿ ನಿಂಬೆರಸ ಹಿಂಡಿ ಕಲಸಿದರೆ ಅದೇ ಗಟ್ಟಿ ಚಟ್ನಿ. ಟೊಮೆಟೊ, ಸೌತೆಕಾಯಿ ಹೋಳು ತಿನ್ನೋ ಹೊತ್ತಿಗೆ ಇಡಿ.

ಆರಿಸಿ ಮುಚ್ಚಿ, ಪೇಪರು ಬೇಡ

ಬಿಸಿ ರೊಟ್ಟಿಯನ್ನು ಡಬ್ಬಿಗೆ ಹಾಕಿ ಮುಚ್ಚಿದರೆ ಏನಾಗುತ್ತದೆ? ಮುಚ್ಚಳದ ಒಳಗೆ ಉಗಿ ಹನಿಯಾಗಿ ನಿಲ್ಲುತ್ತದೆ. ಆ ಹನಿ ರೊಟ್ಟಿಯ ಮೇಲೇ ಬೀಳುತ್ತದೆ. ನೀರು ಬೇಡ ಎಂದು ಇಷ್ಟೆಲ್ಲ ಮಾಡಿ, ನಾವೇ ನೀರು ಹಾಕಿದ ಹಾಗಾಯಿತು. ಆರಿಸಿ, ತೊಳೆದು ಒಣಗಿಸಿದ ಬಟ್ಟೆಯಲ್ಲಿ ಸುತ್ತಿ, ಆಮೇಲೆ ಡಬ್ಬಿಗೆ ಹಾಕಿ. ಬಾಳೆ ಎಲೆ ಇದ್ದರೆ ಉರಿಯ ಮೇಲೆ ಬಾಡಿಸಿ ಸುತ್ತಬಹುದು. ಎಲೆ ಸೀಳೋದಿಲ್ಲ.

ಹಳೆ ಪೇಪರಿನಲ್ಲಿ ಕಟ್ಟಬೇಡಿ. ಪೇಪರಿನ ಮಸಿ ಎಣ್ಣೆಗೆ, ಬಿಸಿಗೆ ಕರಗಿ ರೊಟ್ಟಿಗೆ ಹತ್ತುತ್ತದೆ. ಆ ಮಸಿಯಲ್ಲಿ ಮೈಗೆ ಆಗದ ಪದಾರ್ಥಗಳು ಇರ್ತವೆ. ಪೇಪರಿನಲ್ಲಿ ತಿಂಡಿ ಕಟ್ಟಬಾರದು ಎಂದು 2018ರಲ್ಲಿ ನಿಯಮವೇ ಬಂದಿದೆ. ಪೇಪರು ಈಗ ನಮಗೆ ಓದೋದಕ್ಕೆ ಬೇಕು, ಕಟ್ಟೋದಕ್ಕೆ ಅಲ್ಲ!

ಬುತ್ತಿಯ ಚೀಟಿ

ಹತ್ತು ಜನ ಹೊರಟಿದ್ದೀರಿ. ಒಬ್ಬೊಬ್ಬರಿಗೆ ಮೂರು ರೊಟ್ಟಿ. ಹತ್ತು ಮೂರಲ ಮೂವತ್ತು. ಎಲ್ಲರೂ ಎಲ್ಲವನ್ನೂ ತಂದರೆ ಭಾರ ಹೆಚ್ಚು, ಉಳಿಯೋದೂ ಹೆಚ್ಚು. ಹಿಂದಿನ ದಿನವೇ ಕೂತು ಚೀಟಿ ಬರೆಯಿರಿ. ರೊಟ್ಟಿ ಇಬ್ಬರು. ಚಪಾತಿ ಸುರುಳಿ ಒಬ್ಬರು. ಚಟ್ನಿ ಪುಡಿ ಒಬ್ಬರು. ಸೌತೆಕಾಯಿ, ನಿಂಬೆ ಒಬ್ಬರು. ಕಾಯಿಸಿ ಆರಿಸಿದ ನೀರು ಎಲ್ಲರೂ. ಹೆಸರಿನ ಮುಂದೆ ಸಾಮಾನು ಬರೆದರೆ ಜಗಳ ಇಲ್ಲ, ಮರೆವೂ ಇಲ್ಲ.

ಚೀಟಿ ಬರೆಯುವಾಗ ಒಂದು ನೋಡಿ. ಗಂಡನಿಗೆ ಮೂರು, ಮಕ್ಕಳಿಗೆ ಎರಡೆರಡು, ಅತ್ತೆಗೆ ಎರಡು ಎಂದು ಎಣಿಸ್ತೀವಿ. ನಮ್ಮ ಪಾಲು ಎಣಿಸೋದೇ ಇಲ್ಲ. “ನಂದೇನು, ಉಳಿದದ್ದು ತಿಂದರಾಯ್ತು” ಅಂತೀವಿ. ಮನೆಯಲ್ಲಿ ಮಾಡಿಕೊಂಡ ಈ ರೂಢಿಯನ್ನು ಗುಡ್ಡಕ್ಕೂ ಹೊತ್ತುಕೊಂಡು ಹೋಗ್ತೀವಿ. 2019ರಿಂದ 2021ರವರೆಗೆ ದೇಶದಲ್ಲಿ ದೊಡ್ಡ ಆರೋಗ್ಯ ಸಮೀಕ್ಷೆ ಆಯಿತು. 15ರಿಂದ 49 ವಯಸ್ಸಿನ 100 ಹೆಂಗಸರಲ್ಲಿ 57 ಜನಕ್ಕೆ ರಕ್ತ ಕಡಿಮೆ ಎಂದು ಅದರಲ್ಲಿ ಕಂಡಿತು. ಮೆಟ್ಟಿಲು ಹತ್ತುವಾಗ ಏದುಸಿರು ಬಂದು ಕೂತುಬಿಡೋದು ಬರೀ ವಯಸ್ಸಿನಿಂದ ಅಲ್ಲ. ಚೀಟಿಯಲ್ಲಿ ನಿಮ್ಮ ಹೆಸರನ್ನೂ ಬರೆಯಿರಿ. ಅದರ ಮುಂದೆ ಮೂರು ರೊಟ್ಟಿ ಎಂದು ಬರೆಯಿರಿ. ಕಾಳು, ಶೇಂಗಾ, ಸೊಪ್ಪಿನ ಜತೆ ನಿಂಬೆರಸ ಇದ್ದರೆ ಅವುಗಳಲ್ಲಿನ ಕಬ್ಬಿಣದ ಅಂಶ ಮೈಗೆ ಚೆನ್ನಾಗಿ ಹತ್ತುತ್ತದೆ. ಊಟದ ಜತೆಗೇ ಚಹಾ ಕುಡಿದರೆ ಅಷ್ಟು ಹತ್ತೋದಿಲ್ಲ. ಚಹಾ ಆಮೇಲೆ ಕುಡಿಯೋಣ.

ಬುತ್ತಿಯ ಜತೆ ಒಂದು ಓ.ಆರ್.ಎಸ್. ಪೊಟ್ಟಣ ಇರಲಿ. ಯಾರಿಗಾದರೂ ಭೇದಿ ಶುರುವಾದರೆ ಅದನ್ನು ಕವರಿನ ಮೇಲೆ ಬರೆದಷ್ಟು ನೀರಿಗೆ ಹಾಕಿ, ಸ್ವಲ್ಪ ಸ್ವಲ್ಪವೇ ಕುಡಿಸಿ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರು ಶುದ್ಧ ನೀರಿಗೆ ಆರು ಸಮ ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು. ನಿಲ್ಲದಿದ್ದರೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಇನ್ನೊಂದು. ಬಾದಾಮಿಯಲ್ಲಿ ಮಂಗಗಳು ಬಹಳ. ಬುತ್ತಿ ಚೀಲ ಕೈಯಲ್ಲಿ ತೂಗಾಡಿಸಿಕೊಂಡು ಮೆಟ್ಟಿಲು ಹತ್ತಿದರೆ ಕಸಿದುಕೊಂಡೇ ಹೋಗ್ತವೆ. ಸೆರಗಿನ ಒಳಗೆ ಹಿಡಿದುಕೊಳ್ಳಿ. ಗುಹೆಯ ಹತ್ತಿರ ಬುತ್ತಿ ಬಿಚ್ಚಲೇಬೇಡಿ.

ಸಂಜೆ ಮನೆಗೆ ಬಂದಾಗ ನಾಲ್ಕು ಖಡಕ್ ರೊಟ್ಟಿ ಉಳಿದಿರ್ತವೆ. ಬಟ್ಟೆಯಲ್ಲಿ ಸುತ್ತಿ ಮತ್ತೆ ಬುಟ್ಟಿಗೆ ಹಾಕಿ. ಮರುದಿನ ಅವನ್ನು ಮುರಿದು ಪುಡಿ ಮಾಡಿ, ನೀರು ಚಿಮುಕಿಸಿ, ಉಳ್ಳಾಗಡ್ಡಿ, ಸಾಸಿವೆ, ಕರಿಬೇವಿನ ಒಗ್ಗರಣೆ ಹಾಕಿದರೆ ಮುಂಜಾನೆಯ ನಾಷ್ಟಾ ಆಯಿತು.